ರೂಪಾಯಿಗೆ ಗುರುತು ಬರೆದ ಬೇಸಿಗೆ

ನಾನು ಸುಮ್ಮನೆ ಕೂತಿದ್ದರೂ ನನ್ನ ಸುತ್ತ ಏನಾದರೊಂದು ಆಗಿಯೇ ತೀರುತ್ತದೆ. ಅದರ ಮೇಲೆ ನಾನು ಸುಮ್ಮನೆ ಕೂರುವ ಆಸಾಮಿಯೂ ಅಲ್ಲ. ಕೈಯಲ್ಲಿ ಬ್ರಷ್ ಇಲ್ಲದಿದ್ದರೆ ಬೆರಳು ಚಡಪಡಿಸುತ್ತದೆ, ಬ್ರಷ್ ಇದ್ದರೆ ಕಣ್ಣು ಗೋಡೆ ಹುಡುಕುತ್ತದೆ, ಗೋಡೆ ಸಿಕ್ಕಿದರೆ ಅದು ಯಾರದು ಅಂತ ಕೇಳುವಷ್ಟು ತಾಳ್ಮೆ ನನಗಿಲ್ಲ. ನಂಜನಗೂಡಿನ ಕಡೆಯ ನಮ್ಮೂರಿನಲ್ಲಿ ಎಂಟನೇ ಕ್ಲಾಸಿನಲ್ಲಿದ್ದಾಗಲೇ ಹಾಲಿನ ಡೇರಿಯ ಬೋರ್ಡು ಬರೆದವನು ನಾನು. ಆ ಬೋರ್ಡು ಇವತ್ತಿಗೂ ಹೊಳೆಯುತ್ತಿದೆ. ಡೇರಿ ಮುಚ್ಚಿ ಎಷ್ಟೋ ವರ್ಷವಾಯಿತು.

ಮೈಸೂರಿಗೆ ಬಂದವನು ಅಗ್ರಹಾರದ ಒಂದು ಬೋರ್ಡು ಬರೆಯುವ ಅಂಗಡಿ ಸೇರಿಕೊಂಡೆ. ಮಲಗುವುದಕ್ಕೆ ಮೇಟಗಳ್ಳಿಯಲ್ಲಿ ಅಕ್ಕನ ಮನೆ. ಅಂಗಡಿಯ ಯಜಮಾನರು ಹಣೆ ತುಂಬ ವಿಭೂತಿ ಬಳಿದುಕೊಳ್ಳುವ ಹಿರಿಯರು. ಮಠದ ಕಾರ್ಯಕ್ರಮಗಳ ಬಟ್ಟೆ ಬ್ಯಾನರು ತಲೆಮಾರಿನಿಂದ ಅವರ ಅಂಗಡಿಯಲ್ಲೇ ಆಗಬೇಕು. ಆರು ವರ್ಷ ನಾನು ಬರೆದ ಹೆಸರುಗಳನ್ನು ಸಾಲಾಗಿ ನಿಲ್ಲಿಸಿದರೆ ಅರಮನೆಗೆ ಮೂರು ಸುತ್ತು ಬರುತ್ತಿದ್ದವು. ಡಾಕ್ಟರು, ಲಾಯರು, ಕೋಳಿ ಅಂಗಡಿ, ಕಲ್ಯಾಣ ಮಂಟಪ, ಯಾರ ಹೆಸರು ಬೇಕು ಹೇಳಿ. ಒಂದೇ ಒಂದು ಹೆಸರು ಮಾತ್ರ ಈ ಊರಿನ ಯಾವ ಬೋರ್ಡಿನ ಮೇಲೂ ಇರಲಿಲ್ಲ. ನನ್ನದು.

ಟೀ ಅಂಗಡಿಯಲ್ಲಿ ಆಡಿದ ಮಾತು

ಎರಡು ಸಾವಿರದ ಒಂಬತ್ತರ ಬೇಸಿಗೆ. ಎದುರಿನ ಟೀ ಅಂಗಡಿಯಲ್ಲಿ ಪೇಪರು ಬಿಡಿಸಿದ ಯಜಮಾನರು ಗಟ್ಟಿಯಾಗಿ ಓದಿದರು. ನಮ್ಮ ರೂಪಾಯಿಗೆ ಡಾಲರಿಗೆ ಇರುವ ಹಾಗೆ ಒಂದು ಗುರುತು ಇಲ್ಲವಂತೆ. ಸರ್ಕಾರದವರು ಜನರ ಹತ್ತಿರವೇ ಕೇಳಿದ್ದಾರೆ, ಯಾರು ಬೇಕಾದರೂ ಬರೆದು ಕಳಿಸಬಹುದಂತೆ. ಅದು ನಮ್ಮ ದೇಶದ ಸಂಸ್ಕೃತಿಯನ್ನು ತೋರಿಸಬೇಕು, ಕಂಪ್ಯೂಟರಿನ ಕೀಬೋರ್ಡಿನಲ್ಲೂ ಕೂರಬೇಕು.

ನಾನು ಗ್ಲಾಸು ಕೆಳಗಿಟ್ಟೆ.

"ಬರ್ದಾಯ್ತು ಅಂತ ಇಟ್ಕೊಳಿ ಯಜಮಾನ್ರೆ."

"ಏನ್ ಬರ್ದಾಯ್ತೋ?"

"ರೂಪಾಯಿ ಗುರುತು. ಇಡೀ ದೇಶದಲ್ಲಿ ಇದಕ್ಕೆ ಒಂದೇ ಕೈ ಇರೋದು. ಅದೀಗ ಟೀ ಕುಡೀತಾ ಇತ್ತು."

ಟೀ ಅಂಗಡಿಯವನು ನಗಲಿಲ್ಲ, ಪಾಪ. ಒಲೆಗೆ ಸೀಮೆಎಣ್ಣೆ ಪಂಪು ಹೊಡೆಯುತ್ತಿದ್ದ. ಯಜಮಾನರು ಕನ್ನಡಕದ ಮೇಲಿಂದ ನನ್ನನ್ನು ಅಳೆದರು.

"ಲೇ, ಹೋದ ವಾರ ಕಲ್ಯಾಣ ಮಂಟಪದ ಬೋರ್ಡಲ್ಲಿ ಗಣಪತಿ ಬರೆದ್ಯಲ್ಲ, ಮದುವೆ ಮನೆಯೋರು ಅದನ್ನ ಆನೆ ಮರಿ ಅಂದ್ರು."

"ಮರಿಗಣಪತಿ ಯಜಮಾನ್ರೆ."

"ಆಯ್ತು ಕಣೋ. ಒಂದು ಮಾತು ಹೇಳ್ತೀನಿ ಕೇಳು. ದಿಲ್ಲಿಯೋರು ನಿನ್ನ ಕೈ ಮೆಚ್ಚಿಕೊಂಡ್ರು ಅಂತ ಒಂದು ಸುದ್ದಿ ಬರಲಿ. ಅವತ್ತೇ ನಮ್ಮ ಅಂಗಡಿ ಬೋರ್ಡಲ್ಲಿ ನಮ್ಮಪ್ಪನ ಹೆಸರಿನ ಪಕ್ಕ ನಿನ್ನ ಹೆಸರು. ಬರಲಿಲ್ಲ ಅಂದ್ರೆ ಮಳೆಗಾಲ ಶುರುವಾಗೋ ಹೊತ್ತಿಗೆ ಕಂಪ್ಯೂಟರ್ ತರ್ತೀನಿ. ಬ್ರಷ್ ಕೆಳಗಿಟ್ಟು ಅದರ ಮುಂದೆ ತೆಪ್ಪಗೆ ಕೂತ್ಕೋಬೇಕು. ಹೆಸರಿನ ಮಾತು ಎತ್ತಂಗಿಲ್ಲ."

ಫ್ಲೆಕ್ಸ್ ಬಂದು ನಮ್ಮ ಕೆಲಸದ ಅರ್ಧಭಾಗ ನುಂಗಿದ್ದ ಕಾಲ ಅದು. ಯಜಮಾನರು ತಮಾಷೆ ಮಾಡುತ್ತಿಲ್ಲ ಅಂತ ನನಗೆ ಗೊತ್ತಿತ್ತು. ಎದೆ ಒಂದು ಸಲ ಧಸಕ್ಕೆಂದಿತು. ಆದರೆ ಬಾಯಿಗೆ ಎದೆಯ ಸಮಾಚಾರ ಯಾವತ್ತೂ ತಲುಪುವುದಿಲ್ಲ ನೋಡಿ. "ಕಂಪ್ಯೂಟರಿಗೆ ಇಟ್ಟಿರೋ ದುಡ್ಡಲ್ಲಿ ದೊಡ್ಡ ಏಣಿ ತಗೊಳಿ. ಇನ್ಮೇಲೆ ನನ್ನ ಬೋರ್ಡೆಲ್ಲ ಎತ್ತರದಲ್ಲೇ ಇರ್ತವೆ" ಅಂದುಬಿಟ್ಟೆ.

ಟೀ ಅಂಗಡಿಯವನು ಪಂಪು ನಿಲ್ಲಿಸಿ ಹೇಳಿದ: "ಏಣಿ ಆಮೇಲೆ ತರೀರಂತೆ. ಮೊದಲು ಕೆಳಗಿಟ್ಟ ಗ್ಲಾಸಲ್ಲಿ ಬ್ರಷ್ ಅದ್ದಿದ್ದೀರಿ, ತೆಗೀರಿ."

ಒಂದು ರೂಪಾಯಿಗೆ ಕಾಲು ಗಂಟೆ

ದೇಶದ ಸಂಸ್ಕೃತಿ ಅಂದರೆ ಏನು ಅಂತ ನಾನು ಒಂದು ದಿನ ಪೂರ್ತಿ ಯೋಚಿಸಿದೆ. ಕೂತು ಅಲ್ಲ, ಅಂಗಡಿಯ ಮುಂದೆ ಅತ್ತಿಂದಿತ್ತ ಓಡಾಡಿಕೊಂಡು. ಯಜಮಾನರು, "ಯೋಚನೆ ಯಾಕೋ? ಮೂರು ಗೀಟು ಎಳಿ, ವಿಭೂತಿ. ಅದಕ್ಕಿಂತ ಸಂಸ್ಕೃತಿ ಎಲ್ಲಿದೆ?" ಅಂದರು. ಮೇಟಗಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಭಾವ, "ಹಲ್ಲಿನ ಚಕ್ರ ಹಾಕು, ದುಡಿಯೋ ಜನ ಅಂತ ಗೊತ್ತಾಗಲಿ" ಅಂದರು. ಅಕ್ಕ, "ಒಂದು ನವಿಲಾದ್ರೂ ಇರಲಿ ಕಣೋ, ಲಕ್ಷಣವಾಗಿರುತ್ತೆ" ಅಂದಳು. ನಾನು ಯಾರ ಮನಸ್ಸನ್ನೂ ನೋಯಿಸುವವನಲ್ಲ. ಎಲ್ಲವನ್ನೂ ಹಾಕಿದೆ. ನವಿಲು, ಕಮಲ, ಆನೆ, ನೇಗಿಲು, ಗೋಪುರ, ಹಲ್ಲಿನ ಚಕ್ರ. ಎಲ್ಲವೂ ಒಂದರ ಬಾಲ ಒಂದು ಹಿಡಿದುಕೊಂಡು ಒಟ್ಟಿಗೆ 'ರೂ' ಆಕಾರದಲ್ಲಿ ನಿಂತವು. ನನಗೇ ಕಣ್ಣು ತುಂಬಿ ಬಂತು.

ಅದನ್ನು ಡ್ರಾಯಿಂಗ್ ಮಿಸ್ಸಿಗೆ ತೋರಿಸಿದೆ. ಅವರು ಕಾನ್ವೆಂಟಿನಲ್ಲಿ ಮೂವತ್ತು ವರ್ಷ ಡ್ರಾಯಿಂಗ್ ಕಲಿಸಿ ರಿಟೈರ್ ಆದವರು. ಅವರ ಚರ್ಚಿನ ಹಬ್ಬದ ಬ್ಯಾನರುಗಳನ್ನು ನಮ್ಮ ಅಂಗಡಿಯಲ್ಲೇ ಬರೆಸುತ್ತಿದ್ದರು. ನಾನು ಬರೆದ ಮೇಲೆ ಚೀಲದಿಂದ ಸ್ಕೇಲು ತೆಗೆದು ಅಕ್ಷರ ಅಳೆಯುತ್ತಿದ್ದರು. ಅಗ್ರಹಾರದಲ್ಲಿ ನಾನು ಹೆದರುತ್ತಿದ್ದದ್ದು ಅವರಿಗೊಬ್ಬರಿಗೇ, ಅದೂ ಸ್ವಲ್ಪ.

ಮಿಸ್ ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು.

"ಇದು ರೂಪಾಯಿ ಗುರುತಾ, ದಸರಾ ಮೆರವಣಿಗೆಯಾ?"

"ಸಂಸ್ಕೃತಿ ಮಿಸ್. ಪೂರ್ತಿ ಹಾಕಿದ್ದೀನಿ, ಒಂದೂ ಬಿಟ್ಟಿಲ್ಲ."

"ಸರಿ. ನೀನು ಸೊಪ್ಪು ಮಾರೋ ಹೆಂಗಸು ಅಂತ ಅಂದ್ಕೊ. ಒಂದು ಕಟ್ಟು ದಂಟಿನ ಸೊಪ್ಪಿಗೆ ಐದು ರೂಪಾಯಿ. ರಟ್ಟಿನ ಮೇಲೆ ಬರೆದು ನೇತು ಹಾಕು ನೋಡೋಣ."

ನಾನು ರಟ್ಟು ತಗೊಂಡೆ. ನವಿಲಿನ ಗರಿ ಬರೆಯುವಷ್ಟರಲ್ಲಿ ಮಿಸ್ ಕುರ್ಚಿ ಎಳೆದುಕೊಂಡು ಕೂತರು. ಆನೆಗೆ ಸೊಂಡಿಲು ಬರುವಷ್ಟರಲ್ಲಿ ಯಜಮಾನರು ಅವರಿಗೆ ಕಾಫಿ ತರಿಸಿದರು. ಗೋಪುರದ ಕಳಸಕ್ಕೆ ಬರುವ ಹೊತ್ತಿಗೆ ಕಾಲು ಗಂಟೆ ಆಗಿತ್ತು. ಬೆವರು ಒರೆಸಿಕೊಂಡು, "ಆಯ್ತು ಮಿಸ್, ಇನ್ನು ಐದು ಅಂತ ಬರೆದ್ರೆ ಮುಗೀತು" ಅಂದೆ.

"ಐದು ಬರೀಬೇಡ, ಏಳು ಬರಿ" ಅಂದರು ಮಿಸ್. "ಅಷ್ಟೊತ್ತಿಗೆ ರೇಟು ಏರಿರುತ್ತೆ. ಸೊಪ್ಪೂ ಬಾಡಿರುತ್ತೆ."

ಮೇಟಗಳ್ಳಿ ಬಸ್ಸಿನಲ್ಲಿ

ಅವತ್ತಿಂದ ನನ್ನ ಬೆರಳು ನನ್ನ ಮಾತು ಕೇಳುವುದನ್ನು ಬಿಟ್ಟಿತು. ಅಕ್ಕ ದೋಸೆ ಹಾಕಿಕೊಟ್ಟರೆ ಚಟ್ನಿಯಲ್ಲಿ ಗುರುತು ಬರೆಯುತ್ತಿದ್ದೆ. ಭಾವನ ಸ್ಕೂಟರ್ ಸೀಟಿನ ದೂಳಿನ ಮೇಲೆ ಗುರುತು. ಸ್ನಾನಕ್ಕೆ ಹೋದರೆ ಸೋಪಿನ ಮೇಲೆ ಉಗುರಿನಲ್ಲಿ ಗುರುತು. ಅಕ್ಕ ಭಾವನ ಕಿವಿಯಲ್ಲಿ, "ಇವನಿಗೆ ಬೇಗ ಒಂದು ಹೆಣ್ಣು ನೋಡ್ಬುಡೋಣ" ಅಂದದ್ದು ನನಗೆ ಕೇಳಿಸಿತು. ನಾನು ತಲೆ ಕೆಡಿಸಿಕೊಳ್ಳಲಿಲ್ಲ. ನನ್ನಂಥವನಿಗೆ ಹೆಣ್ಣು ಹುಡುಕುವುದೇನು, ಗುರುತು ಗೆದ್ದ ಮೇಲೆ ಕ್ಯೂ ನಿಲ್ಲುತ್ತಾರೆ.

ಒಂದು ಸಂಜೆ ಮೇಟಗಳ್ಳಿ ಬಸ್ಸು ಕಿಕ್ಕಿರಿದಿತ್ತು. ಒಂದು ಕೈ ಮೇಲಿನ ಕಂಬಿಯಲ್ಲಿ, ಇನ್ನೊಂದು ಕೈ ಎಲ್ಲಿದೆ ಅಂತ ನನಗೇ ಗೊತ್ತಿಲ್ಲ. ತಲೆಯ ತುಂಬ ಗುರುತು. ಮೊದಲು ಮೇಲೊಂದು ಅಡ್ಡಗೀಟು, ಆಮೇಲೆ ಕೆಳಗೊಂದು ಸುತ್ತು, ಅಲ್ಲಿಂದ ಓರೆಯಾಗಿ ಕೆಳಕ್ಕೆ ಎಳೆದರೆ ಹೇಗೆ? ಅಲ್ಲ, ಸುತ್ತು ಇನ್ನೂ ಸ್ವಲ್ಪ ದುಂಡಗಿರಬೇಕು. ಅಳಿಸಿ ಮತ್ತೆ ಎಳೆದೆ. ಹಾಂ, ಈಗ ಸರಿಬಂತು.

ಯಾದವಗಿರಿ ದಾಟಿದ ಮೇಲೆ ಎಚ್ಚರ ಬಂತು. ನನ್ನ ಬೆರಳು ಮುಂದೆ ನಿಂತಿದ್ದ ದಪ್ಪನೆಯ ಮನುಷ್ಯರೊಬ್ಬರ ಬೆನ್ನಿನ ಮೇಲಿತ್ತು. ಬಿಳಿ ಅಂಗಿ, ಬೆವರಿಗೆ ಮೈಗಂಟಿ ಒಳ್ಳೆ ಡ್ರಾಯಿಂಗ್ ಹಾಳೆಯ ಹಾಗಿತ್ತು. ಬಸ್ಸು ಹತ್ತಿದಾಗಿನಿಂದ ಅದರ ಮೇಲೇ ಬರೆಯುತ್ತಾ ಬಂದಿದ್ದೆ! ಕೈ ಸರಕ್ಕನೆ ಎಳೆದುಕೊಂಡೆ. ಆ ಮನುಷ್ಯರು ನಿಧಾನಕ್ಕೆ ತಲೆ ತಿರುಗಿಸಿದರು. ಒದೆ ಬಿತ್ತು ಅಂದುಕೊಂಡೆ. ಕೋಳಿ ಜಗಳ ಕಂಡರೂ ಎದೆಯುಬ್ಬಿಸಿ ನಿಲ್ಲುವ ನಾನು ಅವತ್ತು ಕಂಬಿಯ ಹಿಂದೆ ಅಡಗಲು ನೋಡಿದೆ.

"ಯಾಕೆ ನಿಲ್ಲಿಸಿಬುಟ್ರಿ ಸ್ವಾಮಿ?" ಅಂದರು ಅವರು. "ಬೆವರುಸಾಲೆ ಎದ್ದು ಸಾಯ್ತಾ ಇದ್ದೆ, ಕೈ ಎಟುಕಲ್ಲ. ಹಂಗೇ ಸ್ವಲ್ಪ ಎಡಕ್ಕೆ ಎಳೀರಿ."

ಕಾಫಿಗೂ ಹಾಕಿದ್ದೀರಾ?

ಮಿಸ್ ಹೇಳಿದ ಮೇಲೆ ಮೆರವಣಿಗೆ ಕೈಬಿಟ್ಟು ಒಂದೇ ವಸ್ತು ಹಿಡಿದೆ. ಕಳಶ. ಮದುವೆಗೆ ಬೇಕು, ಗೃಹಪ್ರವೇಶಕ್ಕೆ ಬೇಕು, ಅಂಗಡಿ ಪೂಜೆಗೆ ಬೇಕು. ದುಂಡನೆಯ ಹೊಟ್ಟೆ, ಸಣ್ಣ ಕೊರಳು, ಮೇಲೆ ಮೂರು ಎಲೆ. ನಾಲ್ಕೇ ಎಳೆತ. ಆದರೆ ಹಾಳೆಯ ಮೇಲೆ ಚೆನ್ನಾಗಿದ್ದರೆ ಸಾಕೇ? ಜನ ನೋಡಬೇಕು, ಒಪ್ಪಬೇಕು. ಸರ್ಕಾರ ಆಮೇಲೆ ಒಪ್ಪಲಿ.

ಅದೇ ವಾರ ಅಗ್ರಹಾರದ ಒಂದು ಹಳೇ ಮೆಸ್ಸಿನ ತಿಂಡಿ ಬೋರ್ಡು ಹೊಸದಾಗಿ ಬರೆಯುವ ಕೆಲಸ ಬಂತು. ಅಲ್ಲಿಗೆ ಬರುವವರು ಸುತ್ತಲ ಬೀದಿಗಳ ಮಡಿವಂತ ಹಿರಿಯರು. ಈರುಳ್ಳಿಯ ಹೆಸರೆತ್ತಿದರೆ ಎಲೆಯ ಮುಂದಿನಿಂದ ಏಳುವಂಥವರು. ಅದಕ್ಕೇ ಮೆಸ್ಸಿನ ಭಟ್ಟರು ಈರುಳ್ಳಿ ದೋಸೆಗೆ ಬೇರೆ ಕಾವಲಿ, ಬೇರೆ ಸೌಟು, ಹಿತ್ತಲ ಕಡೆ ಬೇರೆ ಒಲೆಯನ್ನೇ ಇಟ್ಟಿದ್ದರು. ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರದಲ್ಲಿ ಇಡ್ಲಿ, ಉಪ್ಪಿಟ್ಟು, ಕಾಫಿ ಅಂತ ಎಲ್ಲವನ್ನೂ ಬರೆದು, ಒಂದೊಂದು ಬೆಲೆಯ ಮುಂದೂ ಒಂದೊಂದು ಕಳಶ ಇಟ್ಟೆ. ಭಟ್ಟರು ಊರಲ್ಲಿರಲಿಲ್ಲ. ಕೇಳುವ ಪ್ರಮೇಯವೇ ಬರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಭಟ್ಟರು ಪಂಚೆ ಎತ್ತಿ ಕಟ್ಟಿಕೊಂಡು ನಮ್ಮ ಅಂಗಡಿಗೇ ಓಡಿ ಬಂದರು.

"ಬಾರಯ್ಯಾ ನನ್ನ ಜೊತೆ! ನಲವತ್ತು ವರ್ಷದ ಮೆಸ್ಸು ಮುಳುಗಿಸಿಬಿಟ್ಯಲ್ಲೋ!"

ಹೋಗಿ ನೋಡುತ್ತೇನೆ, ಮೆಸ್ಸಿನ ಜಗಲಿಯ ಮೇಲೆ ಏಳೆಂಟು ಹಿರಿಯರು ಶಲ್ಯ ಕೊಡವಿಕೊಂಡು ನಿಂತಿದ್ದಾರೆ. ಒಬ್ಬರೂ ಒಳಗೆ ಕಾಲಿಡುತ್ತಿಲ್ಲ. ಅವರಲ್ಲಿ ಎಲ್ಲರಿಗಿಂತ ವಯಸ್ಸಾದವರು ಕೋಲಿನಿಂದ ಬೋರ್ಡು ತೋರಿಸಿ ಗುಡುಗಿದರು.

"ಏನ್ರೀ ಭಟ್ರೇ ಇದು? ಇಡ್ಲಿಯ ಮುಂದೆ ಈರುಳ್ಳಿ, ಉಪ್ಪಿಟ್ಟಿನ ಮುಂದೆ ಈರುಳ್ಳಿ. ಹೋಗ್ಲಿ ಅಂದ್ರೆ ಕೇಸರಿಬಾತಿಗೂ ಈರುಳ್ಳಿ! ಕಾಫಿಗೂ ಹಾಕಿದ್ದೀರಾ?"

"ಅದು ಈರುಳ್ಳಿ ಅಲ್ಲ, ಕಳಶ. ಮುಂದೆ ಇಡೀ ದೇಶದ ರೂಪಾಯಿಗೆ ಇದೇ ಗುರುತು" ಅಂದೆ ನಾನು ಎದೆಯುಬ್ಬಿಸಿ.

"ಕಳಶಕ್ಕೆ ಬೇರು ಯಾಕಯ್ಯಾ ಇದೆ?"

ಅಂದಕ್ಕಿರಲಿ ಅಂತ ಕೆಳಗೆ ನಾಲ್ಕು ಸಣ್ಣ ಗೀಟು ಎಳೆದಿದ್ದು ನಿಜ. ದರ್ಭೆ ಅಂತ ಹೇಳೋಣ ಅನ್ನಿಸಿತು, ಆದರೆ ಕೋಲು ನನ್ನ ಕಡೆಗೆ ತಿರುಗಿತ್ತು. ಏಣಿ ಹತ್ತಿ, ಬಟ್ಟೆಗೆ ಥಿನ್ನರ್ ಅದ್ದಿಕೊಂಡು ಒಂದೊಂದೇ ಕಳಶ ಅಳಿಸುತ್ತಾ ಬಂದೆ. ಒಂದೊಂದು ಅಳಿಸಿದಾಗಲೂ ಒಬ್ಬೊಬ್ಬರು ಒಳಗೆ ಹೋಗಿ ಕೂತರು. ಕೊನೆಯ ಸಾಲಿಗೆ ಬಂದಾಗ ಭಟ್ಟರು ಕೆಳಗಿನಿಂದ ಕೂಗಿದರು.

"ನಿಲ್ಲು ನಿಲ್ಲು! ಅದೊಂದು ಇರಲಿ. ಅದು ಈರುಳ್ಳಿ ದೋಸೆ. ಅದಕ್ಕೆ ಭಾಳ ಚೆನ್ನಾಗಿ ಒಪ್ಪುತ್ತೆ!"

ದಟ್ಟಗಳ್ಳಿಯ ಕೆಂಪು ಗುರುತು

ಕಳಶ ಹೋಯಿತು, ಚಕ್ರ ಬಂತು. ಒಂದು ದುಂಡು, ಒಳಗೆ ಎರಡು ಅಡ್ಡಗೀಟು. ಇದಕ್ಕೆ ಬೇರೂ ಇಲ್ಲ, ಎಲೆಯೂ ಇಲ್ಲ, ಯಾರೂ ಹೆಸರಿಡುವ ಹಾಗಿಲ್ಲ. ದೂರದಿಂದ ಹೇಗೆ ಕಾಣುತ್ತದೆ ಅನ್ನುವುದಷ್ಟೇ ನೋಡಬೇಕಿತ್ತು.

ದಟ್ಟಗಳ್ಳಿಯ ಹೊಸ ಬಡಾವಣೆಯ ಒಂದು ಮನೆಗೆ ಹೆಸರು ಬರೆಯಲು ಹೋಗಿದ್ದೆ. ಮನೆಯವರು ಬಾಗಿಲು ಹಾಕಿಕೊಂಡು ಮದುವೆಗೆ ಹೋಗಿದ್ದರು. ಕಾಂಪೌಂಡ್ ಗೋಡೆ ಉದ್ದಕ್ಕೆ, ಬೆಳ್ಳಗೆ, ಖಾಲಿ ಮಲಗಿತ್ತು. ನನ್ನ ಕೈ ಕೇಳಬೇಕಲ್ಲ. ಕೆಂಪು ಬಣ್ಣದಲ್ಲಿ ಎರಡಡಿಯ ಗುರುತು ಎಳೆದು, ಬೀದಿಯ ತುದಿಗೆ ನಡೆದುಹೋಗಿ ತಲೆ ಓರೆ ಮಾಡಿ ನೋಡಿದೆ. ಟೇಪು ಹಿಡಿದು ಅಳೆದೆ. ಪುಸ್ತಕ ತೆಗೆದು ಬರೆದುಕೊಂಡೆ. ಮತ್ತೆ ದೂರ ಹೋದೆ.

ಒಂದು ಕಿಟಕಿ ತೆರೆಯಿತು. ಆಮೇಲೆ ಇನ್ನೊಂದು. ಹತ್ತು ನಿಮಿಷದಲ್ಲಿ ಬೀದಿಯೆಲ್ಲ ಗೇಟಿನ ಮುಂದೆ. ಒಬ್ಬರು ಹತ್ತಿರ ಬಂದು ಕೈಮುಗಿದರು.

"ಸಾರ್, ಯಾವಾಗಿಂದ ಶುರು?"

"ಇನ್ನೇನು, ದಿಲ್ಲಿಯಿಂದ ಒಪ್ಪಿಗೆ ಬಂದ ತಕ್ಷಣ" ಅಂದೆ.

"ದಿಲ್ಲಿಯಿಂದಾ?" ಅವರ ಮುಖ ಗೋಡೆಗಿಂತ ಬೆಳ್ಳಗಾಯಿತು. "ಈ ಬೀದಿಗೆ ಮಾತ್ರಾನಾ ಸಾರ್?"

"ಏನ್ ಸ್ವಾಮಿ ಹಿಂಗಂತೀರಿ! ಇಡೀ ದೇಶಕ್ಕೆ. ಒಂದು ಅಂಗಡಿ ಬಿಡಲ್ಲ, ಒಂದು ಮನೆ ಬಿಡಲ್ಲ, ಎಲ್ಲ ಕಡೆ ಇದೇ ಗುರುತು. ಶುರು ಮಾತ್ರ ನಮ್ಮ ಮೈಸೂರಿಂದ. ಕೈ ನನ್ನದೇ."

ಅವರು ಹಿಂದೆ ಓಡಿದರು. ಹೆಂಗಸೊಬ್ಬರು ಒಂದು ಲೋಟ ಮಜ್ಜಿಗೆ ತಂದು ಕೊಟ್ಟರು. ಇನ್ನೊಬ್ಬರು ಪ್ಲೇಟಿನಲ್ಲಿ ಮೈಸೂರು ಪಾಕು. ಪ್ಲಾಸ್ಟಿಕ್ ಕುರ್ಚಿ ಬಂತು. ನನ್ನಂಥ ಕಲಾವಿದನಿಗೆ ಕೊನೆಗೂ ಮರ್ಯಾದೆ ಕೊಡುವ ಒಂದು ಬಡಾವಣೆ ಸಿಕ್ಕಿತಲ್ಲ ಅಂತ ನಾನು ಎರಡನೇ ತುಂಡು ಬಾಯಿಗಿಟ್ಟುಕೊಳ್ಳುವಾಗ ಒಬ್ಬರು ಪ್ಲಾಸ್ಟಿಕ್ ಚೀಲದ ತುಂಬ ಕಾಗದ ತಂದು ನನ್ನ ತೊಡೆಯ ಮೇಲೆ ಸುರಿದರು. "ಸಾರ್, ಇದು ಖಾತೆ, ಇದು ಪ್ಲ್ಯಾನು, ಇದು ಕಂದಾಯದ ರಸೀತಿ. ನಾವು ಒಂದಿಂಚೂ ಒತ್ತುವರಿ ಮಾಡಿಲ್ಲ. ದಯವಿಟ್ಟು ನಮ್ಮ ಗೋಡೆಗೆ ಆ ಗುರುತು ಹಾಕಬೇಡಿ!"

ಆಗ ಹೊಳೆಯಿತು. ಮನೆ ಒಡೆಯುವುದಕ್ಕೆ ಮುಂಚೆ ಅಳತೆಯವರು ಬಂದು ಕೆಂಪು ಗುರುತು ಹಾಕಿ ಹೋಗುತ್ತಾರಲ್ಲ, ಅದು ಇದು ಅಂತ ತಿಳಿದುಕೊಂಡಿದ್ದಾರೆ! ನಾನು ಗಂಟಲಿಗೆ ಸಿಕ್ಕಿದ ಮೈಸೂರು ಪಾಕು ನುಂಗಿ, ರೂಪಾಯಿ, ಸ್ಪರ್ಧೆ, ಸಂಸ್ಕೃತಿ ಎಲ್ಲ ವಿವರಿಸಿದೆ. ಮಜ್ಜಿಗೆ ಕೊಟ್ಟವರು ಲೋಟ ಕಿತ್ತುಕೊಂಡರು. ಕುರ್ಚಿಯೂ ಹೋಯಿತು. ಬೈಯುವಷ್ಟು ಬೈದು ಎಲ್ಲರೂ ಒಳಗೆ ಹೋದ ಮೇಲೆ ನಾನು ಗೋಡೆಗೆ ಸುಣ್ಣ ಬಳಿಯುತ್ತಿದ್ದೆ. ಕಾಗದದ ಚೀಲ ತಂದಿದ್ದವರು ಮಾತ್ರ ಮೆಲ್ಲಗೆ ವಾಪಸು ಬಂದು ಅತ್ತಿತ್ತ ನೋಡಿದರು.

"ಅಲ್ಲಪ್ಪಾ, ಆ ಬಣ್ಣ ಇನ್ನೂ ಮಿಕ್ಕಿದ್ರೆ ನಮ್ಮ ಪಕ್ಕದ ಮನೆ ಗೋಡೆಗೆ ಒಂದು ಹಾಕು. ಅವರು ನಿಜವಾಗ್ಲೂ ಮೂರಡಿ ನುಂಗವ್ರೆ."

ನಾಲ್ಕು ಮೂಲೆ ಅರಿಶಿನ

ಕಳಿಸಲು ಎರಡು ದಿನ ಉಳಿದಿತ್ತು. ಯಜಮಾನರು ಆಗಲೇ ಕಂಪ್ಯೂಟರ್ ಇಡಲು ನನ್ನ ಬಣ್ಣದ ಡಬ್ಬಗಳ ಮೇಜು ಖಾಲಿ ಮಾಡಿಸಿದ್ದರು. ಒಂದು ಬೇಕರಿಯ ರಟ್ಟು ಬರೆಯುತ್ತಿದ್ದೆ. ಬೆಲೆ ಬರೆದು, ಅಭ್ಯಾಸಬಲದಿಂದ ಪಕ್ಕದಲ್ಲಿ ಒಂದು ಓರೆಗೀಟು, ಒಂದು ಅಡ್ಡಗೀಟು, '/-' ಅಂತ ಎಳೆದೆ. ಕೈ ಅಲ್ಲೇ ನಿಂತಿತು. ಈ ಬಾಲವನ್ನು ಹೇಳಿಕೊಟ್ಟವರು ಯಾರು? ಸೊಪ್ಪಿನವಳು ಎಳೆಯುತ್ತಾಳೆ, ಬಟ್ಟೆ ಅಂಗಡಿಯವನು ಎಳೆಯುತ್ತಾನೆ, ಚೆಕ್ ಬರೆಯುವ ಸಾಹುಕಾರನೂ ಎಳೆಯುತ್ತಾನೆ. ಸಂಸ್ಕೃತಿ ಅಂತ ಊರೆಲ್ಲ ಹುಡುಕಿದ್ದು ನನ್ನ ಬ್ರಷ್ಷಿನ ತುದಿಯಲ್ಲೇ ಇತ್ತು. ಆ ಬಾಲವನ್ನು ತಂದು ರಕಾರದ ಸುತ್ತಿನ ತಲೆಯ ಮೇಲೆ ಕೂರಿಸಿದೆ. ಮೂರು ಎಳೆತ, ಮುಗೀತು.

ಮಿಸ್ ಅದನ್ನು ತಾವೇ ಹತ್ತು ಸಲ ಬರೆದು ನೋಡಿದರು. ಸ್ಕೇಲು ಚೀಲದಿಂದ ಹೊರಗೆ ಬರಲಿಲ್ಲ. "ಪರವಾಗಿಲ್ಲ" ಅಂದರು. ಅವರ ಬಾಯಲ್ಲಿ ಆ ಮಾತು ಕೇಳಿದವರು ಮೂವತ್ತು ವರ್ಷದಲ್ಲಿ ನಾಲ್ಕೇ ಜನವಂತೆ. ನಾನು ಐದನೆಯವನು, ಆದರೆ ಮೊದಲನೆಯವನಷ್ಟೇ ಜೋರು.

ಒಳ್ಳೆ ಹಾಳೆಯ ಮೇಲೆ ಕಪ್ಪು ಇಂಕಿನಲ್ಲಿ ಬರೆದು ಒಣಗಲು ಇಟ್ಟು ಟೀಗೆ ಹೋಗಿ ಬಂದೆ. ನೋಡಿದರೆ ಹಾಳೆಯ ನಾಲ್ಕು ಮೂಲೆಗೂ ಅರಿಶಿನ, ನಡುವೆ ಕುಂಕುಮದ ಬೊಟ್ಟು. ಯಜಮಾನರು ಕರ್ಪೂರ ಹಚ್ಚಿಕೊಂಡು ನಿಂತಿದ್ದರು.

"ಯಜಮಾನ್ರೆ! ಇದೇನು ಲಗ್ನಪತ್ರಿಕೆಯಾ?"

"ಶುಭಕಾರ್ಯದ ಕಾಗದ ಬರೀ ಮೈಯಲ್ಲಿ ಹೊಸ್ತಿಲು ದಾಟಬಾರದು ಕಣೋ. ಸುಮ್ನಿರು."

ನನ್ನ ಹೆಸರು ಬೋರ್ಡಿಗೆ ಬರಬಾರದು ಅಂತ ಇದ್ದಿದ್ದರೆ ಕರ್ಪೂರ ಯಾಕೆ ಹಚ್ಚುತ್ತಿದ್ದರು ಅಂತ ಹೊಳೆದು ಬಾಯಿ ಮುಚ್ಚಿಕೊಂಡೆ. ಇನ್ನೊಂದು ಹಾಳೆಯ ಮೇಲೆ ಮತ್ತೆ ಬರೆದೆ. ಈ ಸಲ ಒಣಗುವವರೆಗೂ ಕಾವಲು ಕೂತೆ, ನಾನೇ ಕವರಿಗೆ ತುರುಕಿದೆ, ನಾನೇ ಅಂಟು ಹಚ್ಚಿದೆ. ಅರಿಶಿನದ ಹಾಳೆ ಯಜಮಾನರ ದೇವರ ಫೋಟೋದ ಹಿಂದೆ ಸೇರಿತು.

ಪೋಸ್ಟಿಗೆ ಹಾಕಿ ಬಂದೆ. ಯಜಮಾನರು ಕೇಳಿದರು: "ಎಷ್ಟು ದಿನಕ್ಕೆ ಮುಟ್ಟುತ್ತಂತೋ?"

"ನಾಲ್ಕು ದಿನ ಅಂದ್ರು."

"ಕವರಿಗಾದ್ರೂ ಒಂದು ಬೊಟ್ಟು ಇಟ್ಟಿದ್ರೆ ಎರಡೇ ದಿನಕ್ಕೆ ಹೋಗಿರೋದು."

ದಿಲ್ಲಿಯ ಫೋನು

ಮೊದಲ ಮಳೆ ಬಿತ್ತು. ಸುದ್ದಿ ಬರಲಿಲ್ಲ. ಕಂಪ್ಯೂಟರಿನವನು ಬಂದು ಪ್ಲಗ್ ಪಾಯಿಂಟ್ ಎಲ್ಲಿದೆ ಅಂತ ನೋಡಿಕೊಂಡು ಹೋದ. ನಾನು ಅಂಗಡಿಯ ಫೋನಿನ ಪಕ್ಕದಲ್ಲೇ ಬ್ಯಾನರು ಹಾಸಿಕೊಂಡು ಬರೆಯುತ್ತಿದ್ದೆ. ಅದು ರಿಂಗಾದಾಗಲೆಲ್ಲ ಅಕ್ಷರ ಸೊಟ್ಟಗಾಗುತ್ತಿತ್ತು.

ಒಂದು ಮಳೆಯ ಮಧ್ಯಾಹ್ನ ಮಿಸ್ ಬ್ಯಾನರು ಅಳೆಯುತ್ತಿದ್ದಾಗ ಫೋನು ಬಂತು. ಎತ್ತಿಕೊಂಡೆ.

"ಹಲೋ, ದಿಲ್ಲಿಯಿಂದ ಮಾತಾಡ್ತಾ ಇರೋದು."

"ದಿಲ್ಲಿ!" ಅಂತ ಕೂಗಿದೆ. ಯಜಮಾನರ ಕೈಲಿದ್ದ ಡಬ್ಬ ನಿಂತಲ್ಲೇ ನಿಂತಿತು. ಮಿಸ್ ಶಿಲುಬೆಯ ಗುರುತು ಮಾಡಿಕೊಂಡರು.

ಆ ಕಡೆಯವರು ಮಂಡ್ಯದ ಕಡೆಯವರು, ಅಲ್ಲಿನ ಕಚೇರಿಯಲ್ಲಿ ಬಂದ ಕವರುಗಳನ್ನು ಒಡೆದು ಜೋಡಿಸಿಡುವ ಕೆಲಸವಂತೆ. "ನಿಮ್ಮ ಕವರು ನಾನೇ ಒಡೆದೆ ಕಣ್ರೀ. ಆದ್ರೆ ಗುರುತಿನ ಹಾಳೆ ಮೇಲೆ ಕಳಿಸಿದೋರ ಹೆಸರು ಇರಬಾರದು ಅಂತ ನಿಯಮ. ನೀವು ಕೆಳಗೆ ಬಲಗಡೆ ಮೂಲೇಲಿ ಬಣ್ಣ ಬಣ್ಣದಲ್ಲಿ 'ಕಲೆ' ಅಂತ ಹಾಕಿ, ಹೆಸರು, ಅಗ್ರಹಾರ ಮೈಸೂರು, ಫೋನ್ ನಂಬರು ಎಲ್ಲ ಬರೆದುಬುಟ್ಟಿದ್ದೀರಿ. ಅದಕ್ಕೇ ಪಕ್ಕಕ್ಕಿಟ್ರು."

ನನ್ನ ಕಾಲ ಕೆಳಗಿನ ಬ್ಯಾನರು ಜಾರಿದ ಹಾಗಾಯಿತು. ಬೋರ್ಡು ಬರೆಯುವವನು ಮೂಲೆಯಲ್ಲಿ ಹೆಸರು ಹಾಕದೆ ಏಣಿಯಿಂದ ಇಳಿಯುತ್ತಾನೆಯೇ? ಆರು ವರ್ಷ ಆ ಮೂಲೆಯಲ್ಲಿ ಅಂಗಡಿಯ ಹೆಸರು ಬರೆದಿದ್ದೆ. ಆ ಒಂದು ಹಾಳೆಯ ಮೇಲೆ ಮೊದಲ ಸಲ ನನ್ನ ಹೆಸರು ಬರೆದಿದ್ದೆ, ಗುರುತು ಬರೆದದ್ದಕ್ಕಿಂತ ಹೆಚ್ಚು ಹೊತ್ತು ಕೂತು. ಕಾವಲು ಕಾದದ್ದು ಯಜಮಾನರ ಅರಿಶಿನದಿಂದ. ನನ್ನ ಕೈಯಿಂದ ಕಾಯುವವರು ಯಾರೂ ಇರಲಿಲ್ಲ.

"ಹಲೋ, ಇದ್ದೀರಾ?" ಅಂದರು ಆ ಕಡೆಯವರು. "ಇದನ್ನ ಹೇಳೋಕೆ ಫೋನ್ ಮಾಡ್ಲಿಲ್ಲ. ಆ ಮೂಲೇಲಿ ಬರೆದಿರೋ ಅಕ್ಷರ ಐತಲ್ಲ, ಏನ್ ಅಕ್ಷರ ರೀ ಅದು! ಮುತ್ತು! ಇಲ್ಲಿ ನಾಲ್ಕು ಜನಕ್ಕೆ ತೋರಿಸ್ದೆ, ಕನ್ನಡ ಬರದೇ ಇರೋರೂ ವಾ ಅಂದ್ರು. ನಮ್ಮ ಭಾವಮೈದ ಮದ್ದೂರಲ್ಲಿ ಬೇಕರಿ ಇಡ್ತಾ ಅವ್ನೆ. ಬೋರ್ಡ್ ಬರೆಯೋಕೆ ಒಂದಡಿಗೆ ಎಷ್ಟು ತಗೋತೀರಿ?"

ಫೋನ್ ಇಟ್ಟೆ. ಇಬ್ಬರೂ ನನ್ನ ಬಾಯನ್ನೇ ನೋಡುತ್ತಿದ್ದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮಿಸ್ ಮೊದಲು ನಕ್ಕರು. "ಅಂದ್ರೆ ದೇಶ ಗುರುತು ಬೇಡ ಅಂತು, ಸಹಿ ಇಟ್ಕೊಂತು!"

ಯಜಮಾನರು ನಗಲಿಲ್ಲ. ಡಬ್ಬ ಕೆಳಗಿಟ್ಟು, ವಿಭೂತಿ ಮುಟ್ಟಿಕೊಂಡು ಹೇಳಿದರು: "ದಿಲ್ಲಿಯೋರು ಕೈ ಮೆಚ್ಚಿಕೊಂಡ್ರು ಅಂತ ಸುದ್ದಿ ಬಂತಲ್ಲೋ. ನಾನು ಆಡಿದ್ದು ಅಷ್ಟೇ ಮಾತು. ಏಣಿ ತಗೊಂಡು ಬಾ."

ಮಳೆ ನಿಂತಿತು. ಅಂಗಡಿಯ ಬೋರ್ಡು ಉದ್ದದ್ದು. ಎಡಕ್ಕೆ ಯಜಮಾನರ ಅಪ್ಪನ ಹೆಸರು, ಬಲಕ್ಕೆ ನಾಲ್ಕಡಿ ಖಾಲಿ. ಯಜಮಾನರು ತಾವೇ ಏಣಿ ಹಿಡಿದರು. ಟೀ ಅಂಗಡಿಯವನು ಒಲೆ ಆರಿಸಿ ಬಂದ. ಮೆಸ್ಸಿನ ಭಟ್ಟರೂ ಬಂದರು. ನಾನು ಹತ್ತಿದೆ. ಊರಿನವರ ಹೆಸರಿಗೆಲ್ಲ ಸಾಲು ನೇರ ಬರಲಿ ಅಂತ ಸುಣ್ಣದ ದಾರ ಹೊಡೆದು, ಅಕ್ಷರ ಎಣಿಸಿ, ಅಳತೆ ಹಾಕಿ ಬರೆದವನು ನಾನು. ನನ್ನ ಹೆಸರಿಗೂ ಅಳತೆಯೇ? ಕೈ ಹೋದಷ್ಟು ಎತ್ತರಕ್ಕೆ, ಬ್ರಷ್ ಎಳೆದಷ್ಟು ದಪ್ಪಕ್ಕೆ ಮೊದಲ ಅಕ್ಷರ ಬರೆದೆ. ಕೆಳಗಿನಿಂದ ಚಪ್ಪಾಳೆ. ಎರಡನೆಯದು. ಮೂರನೆಯದಕ್ಕೆ ಕೊಂಬು ಎಳೆದು ಬ್ರಷ್ ಬಲಕ್ಕೆ ಸರಿಸಿದರೆ ಅಲ್ಲಿ ಬೋರ್ಡೇ ಇರಲಿಲ್ಲ. ಪಕ್ಕದ ಹೂವಿನಂಗಡಿಯ ಬೋರ್ಡು 'ಸಕಲ ಸಮಾರಂಭಗಳಿಗೂ' ಅಂತ ಶುರುವಾಗಿತ್ತು.

ನನ್ನದು ಐದಕ್ಷರದ ಹೆಸರು.

ಮಿಸ್ ಚೀಲಕ್ಕೆ ಕೈ ಹಾಕಿ ಸ್ಕೇಲು ತೆಗೆದರು, ನೋಡಿದರು, ಪ್ರಯೋಜನವಿಲ್ಲ ಅಂತ ಮತ್ತೆ ಒಳಗಿಟ್ಟರು. ಯಜಮಾನರು ಏಣಿ ಬಿಡದೆ ತಲೆಯೆತ್ತಿ ಕೂಗಿದರು.

"ಲೇ, ಇರ್ಲಿ ಬುಡು. ಮಿಕ್ಕಿದ್ದನ್ನ ಹೂವಿನಂಗಡಿ ಬೋರ್ಡ್ ಮೇಲೆ ಬರ್ಕೊ. ಬಾಡಿಗೆ ನೀನೇ ಮಾತಾಡ್ಕೊ."

ಬಿದ್ದು ಬಿದ್ದು ನಕ್ಕರು ಎಲ್ಲರೂ. ನಗಲಿ. ನಾನು ಏಣಿಯ ಮೇಲಿಂದಲೇ, ಬ್ರಷ್ ಎತ್ತಿ ಹಿಡಿದು ಹೇಳಿದೆ:

"ನನ್ನ ಹೆಸರು ಒಂದೇ ಅಂಗಡಿಗೆ ಸಾಲಲ್ಲ ಅಂತ ನಾನು ಮೊದಲಿಂದ ಹೇಳ್ತಾ ಇರ್ಲಿಲ್ವಾ!"